ವಿಹಾರದ ಹಡಗಿನಲ್ಲಿ ಇಳಿಯುವ ದಿನವೂ ಏರುವ ದಿನವೂ

ನಮ್ಮ ಶಾಲೆಯ ಬೋರ್ಡಿಂಗಿನಲ್ಲಿ ಇದ್ದವರೆಲ್ಲರಿಗೂ ದೊಡ್ಡ ರಜೆಯ ಹಿಂದಿನ ಸಂಜೆಯ ನೆನಪು ಇದ್ದೇ ಇರುವುದು. ಹೆಸರು ಬರೆದ ತಗಡಿನ ಪೆಟ್ಟಿಗೆಗಳು ಜಗಲಿಯ ಉದ್ದಕ್ಕೂ ಸಾಲಾಗಿ ನಿಂತಿರುತ್ತಿದ್ದವು. ಹಾಸಿಗೆಗಳನ್ನು ಸುತ್ತಿ ಕಟ್ಟಿ ಇಟ್ಟಿರುತ್ತಿದ್ದೆವು. ಬೆಳಗಾಗುತ್ತಲೇ ತಂದೆಗಳೂ ಅಣ್ಣಂದಿರೂ ಒಬ್ಬರ ಹಿಂದೊಬ್ಬರಾಗಿ ಬಂದು ಹುಡುಗಿಯರನ್ನು ಕರೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನವಾಗುವಷ್ಟರಲ್ಲಿ ಮನೆಯೆಲ್ಲ ಬರಿದು. ಆ ಬಳಿಕ ಗೋಡೆಗೆ ಸುಣ್ಣ ಬಳಿಯಿಸುವುದಕ್ಕೂ, ಮಂಚಗಳನ್ನು ಬಿಸಿಲಿಗೆ ಹಾಕಿಸುವುದಕ್ಕೂ, ಉಗ್ರಾಣಕ್ಕೆ ಅಕ್ಕಿ ತರಿಸುವುದಕ್ಕೂ ಮ್ಯಾಟ್ರನ್ ಅಮ್ಮನವರಿಗೆ ವಾರಗಟ್ಟಲೆ ಅವಕಾಶವಿರುತ್ತಿತ್ತು. ಆ ವಾರಗಳನ್ನು ಕೆಲವೇ ಗಂಟೆಗಳಿಗೆ ಇಳಿಸಿ, ನೂರು ಹುಡುಗಿಯರ ಬದಲಿಗೆ ಐದಾರು ಸಾವಿರ ಜನರನ್ನು ಇರಿಸಿ, ಬೋರ್ಡಿಂಗನ್ನೇ ಸಮುದ್ರದ ಮೇಲೆ ತೇಲಬಿಟ್ಟಂತೆ ಭಾವಿಸಿಕೊಂಡರೆ, ಈ ಲೇಖನದಲ್ಲಿ ನಾವು ವಿವರಿಸಬೇಕೆಂದಿರುವ ದಿನವು ವಾಚಕರ ಕಣ್ಣೆದುರಿಗೆ ಬರುವುದು.

ಈ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಕಾರಣವುಂಟು. ಹಳೇ ವಿದ್ಯಾರ್ಥಿನಿಯರ ಕೂಟವೊಂದರಲ್ಲಿ ಒಬ್ಬ ತಾಯಿಯವರು ನಮ್ಮ ಬಳಿಗೆ ಬಂದರು. ಅವರ ಮಗಳು ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿ, ಹೋಟೆಲು ಕೆಲಸದ ಶಿಕ್ಷಣವನ್ನೂ ಪಡೆದು, ವಿಹಾರದ ಹಡಗೊಂದರಲ್ಲಿ ಕೋಣೆಗಳ ಪರಿಚಾರಿಕೆಯಾಗಿ ಸೇರಬೇಕೆಂದಿದ್ದಳು. “ಪರರ ಹಾಸಿಗೆ ಹಾಸುವುದಕ್ಕೋಸ್ಕರ ನಾವು ಇವಳನ್ನು ಇಷ್ಟು ಓದಿಸಬೇಕಾಗಿತ್ತೇ?” ಎಂದು ಆ ತಾಯಿ ಕೇಳಿದರು. ಅದನ್ನು ಕೇಳುವಾಗ ಅವರ ಕಣ್ಣುಗಳು ತುಂಬಿದ್ದವು. ಆಗ ನಮಗೆ ಉತ್ತರ ತೋಚಲಿಲ್ಲ. ತರುವಾಯ ಅಂಥ ಹಡಗುಗಳಲ್ಲಿ ದುಡಿದು ಬಂದವರನ್ನು ವಿಚಾರಿಸಿದೆವು. ಸಮುದ್ರದ ಮೇಲಣ ಕೆಲಸಕ್ಕೆ ಸಂಬಂಧಪಟ್ಟ ನಿಯಮಗಳನ್ನೂ ಓದಿ ನೋಡಿದೆವು. ಪ್ರಯಾಣಿಕರು ಇಳಿದು ಬೇರೆ ಪ್ರಯಾಣಿಕರು ಏರುವ ಆ ಒಂದು ದಿನವನ್ನು ಚೆನ್ನಾಗಿ ಅರಿತುಕೊಂಡರೆ ಆ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುವುದೆಂದು ನಮಗೆ ತೋರಿತು.

ಮೊದಲು ವಿಹಾರದ ಹಡಗು ಎಂದರೇನೆಂಬುದನ್ನು ಹೇಳುವೆವು. ಹಿಂದಿನ ಕಾಲದಲ್ಲಿ ಜನರು ಒಂದು ದೇಶದಿಂದ ಇನ್ನೊಂದು ದೇಶವನ್ನು ಸೇರುವ ನಿಮಿತ್ತವೇ ಹಡಗನ್ನು ಏರುತ್ತಿದ್ದರು. 1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ಎಂಬವರು, ಚಳಿಗಾಲದಲ್ಲಿ ಸುಮ್ಮನೆ ನಿಲ್ಲಬೇಕಾಗಿದ್ದ ‘ಆಗುಸ್ತಾ ವಿಕ್ಟೋರಿಯಾ’ ಎಂಬ ಹಡಗನ್ನು ಬರಿಯ ವಿಹಾರಕ್ಕಾಗಿ ಮೆಡಿಟರೇನಿಯನ್ ಸಮುದ್ರಕ್ಕೆ ಕಳುಹಿಸಿದರು. ವಿಹಾರಕ್ಕೆಂದೇ ಕಟ್ಟಿದ ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್’ ಎಂಬ ಹಡಗು 1900ರಲ್ಲಿ ನೀರಿಗಿಳಿಯಿತು. ವಿಮಾನಗಳು ಹೆಚ್ಚಿದ ಮೇಲೆ ಊರು ಸೇರುವುದಕ್ಕಾಗಿ ಹಡಗು ಹತ್ತುವವರು ಕಡಿಮೆಯಾದರು. ಹಡಗಿನಲ್ಲಿಯೇ ಇದ್ದು, ಬಂದರಿನಿಂದ ಬಂದರಿಗೆ ಸುತ್ತಿ, ಹೊರಟ ಸ್ಥಳಕ್ಕೇ ಮರಳುವ ವಿಹಾರಯಾನವು ಬೆಳೆಯಿತು. ಇದನ್ನೇ ಈಗ ಕ್ರೂಸ್ ಎಂದು ಕರೆಯುವರು.

ನಮ್ಮ ಕರಾವಳಿಯವರು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಂಥ ಹಡಗುಗಳನ್ನು ನೋಡಿರಬಹುದು. ಆದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ಒಂದು ಹಗಲಿನ ಭೇಟಿ ಮಾತ್ರ. ಪ್ರಯಾಣಿಕರು ಬೆಳಿಗ್ಗೆ ಇಳಿದು, ಊರು ನೋಡಿ, ಸಂಜೆಗೆ ತಮ್ಮ ತಮ್ಮ ಕೋಣೆಗಳಿಗೆ ಹಿಂದಿರುಗುವರು. ಯಾನವು ಮುಗಿದು ಮತ್ತೊಂದು ಯಾನವು ತೊಡಗುವ ಬಂದರು ಬೇರೆ. ಅದನ್ನು ಹಡಗಿನ ತವರೂರು ಎನ್ನಬಹುದು. ಅಮೆರಿಕದ ಫ್ಲಾರಿಡಾ ಪ್ರಾಂತದ ಮಯಾಮಿ ಅಂಥ ಬಂದರುಗಳಲ್ಲಿ ಹೆಸರಾದುದು. 2024ರ ಜನವರಿ 27ರಂದು ಅಲ್ಲಿಂದ ಮೊದಲ ಯಾನಕ್ಕೆ ಹೊರಟ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗಿನ ಅಳತೆಯನ್ನು ಕೇಳಿದರೆ ವಾಚಕರು ಬೆರಗಾದಾರು. ಅದರ ಉದ್ದ ಸುಮಾರು 365 ಮೀಟರು; ಅಂತಸ್ತುಗಳು 20; ಪ್ರಯಾಣಿಕರ ಕೋಣೆಗಳು 2,805. ಕೋಣೆಗೆ ಇಬ್ಬರಂತೆ 5,610 ಮಂದಿ; ಮಕ್ಕಳು ಮರಿ ಸೇರಿ ಎಲ್ಲ ಮಂಚಗಳೂ ತುಂಬಿದರೆ 7,600 ಮಂದಿಯವರೆಗೆ ಹಿಡಿಸುವರು. ಅವರ ಸೇವೆಗೂ ಹಡಗಿನ ನಡೆಗೂ ಇರುವ ಸಿಬ್ಬಂದಿ ಸುಮಾರು 2,350. ಏಳು ದಿನಗಳಿಗೊಮ್ಮೆ ಈ ಪ್ರಯಾಣಿಕರೆಲ್ಲರೂ ಇಳಿದು, ಅಷ್ಟೇ ಮಂದಿ ಹೊಸಬರು ಅದೇ ದಿನ ಏರತಕ್ಕದ್ದು. ಎಲ್ಲ ಹಡಗುಗಳೂ ಇಷ್ಟು ದೊಡ್ಡವಲ್ಲ. ಆದರೂ ದಿನದ ಕ್ರಮವು ಹೆಚ್ಚು ಕಡಿಮೆ ಒಂದೇ.

ಆ ದಿನವು ಹಿಂದಿನ ರಾತ್ರಿಯೇ ತೊಡಗುವುದು. ಪ್ರತಿಯೊಂದು ಕೋಣೆಗೂ ಬಣ್ಣದ ಅಥವಾ ಅಂಕೆಯ ಚೀಟಿಗಳನ್ನು ಮೊದಲೇ ಹಂಚಿರುವರು. ಪ್ರಯಾಣಿಕರು ಅವುಗಳನ್ನು ಪೆಟ್ಟಿಗೆಗಳಿಗೆ ಕಟ್ಟಿ, ಮಲಗುವುದಕ್ಕೆ ಮುಂಚೆ ಬಾಗಿಲ ಹೊರಗಿಡುವರು. ಎಲ್ಲರೂ ನಿದ್ರಿಸುವ ಹೊತ್ತಿನಲ್ಲಿ ಸಾವಿರಾರು ಪೆಟ್ಟಿಗೆಗಳನ್ನು ಕೆಳಗಿನ ಅಂತಸ್ತಿಗೆ ಸಾಗಿಸಿ, ಚೀಟಿಯ ಪ್ರಕಾರ ವಿಂಗಡಿಸಬೇಕು. ಹಡಗಿನ ಮುಂದಲೆಯಿಂದ ಹಿಂದಲೆಯವರೆಗೆ ಸಿಬ್ಬಂದಿಗೆಂದೇ ಒಂದು ಅಗಲವಾದ ಓಣಿಯಿರುವುದು. ಅಮೆರಿಕದ ಹೆದ್ದಾರಿಯೊಂದರ ಹೆಸರಿನಿಂದ ಅದನ್ನು ‘ಐ-95’ ಎಂದು ಕರೆಯುವುದು ಸಿಬ್ಬಂದಿಯಲ್ಲಿ ರೂಢಿ. ಪ್ರಯಾಣಿಕರು ಆ ಓಣಿಯನ್ನು ಕಾಣುವುದೇ ಇಲ್ಲ. ಆದರೆ ಅವರು ಉಣ್ಣುವ ಅನ್ನವೂ ಹೊದೆಯುವ ಬಟ್ಟೆಯೂ ಹೊತ್ತು ತಂದ ಪೆಟ್ಟಿಗೆಯೂ ಆ ಓಣಿಯಿಂದಲೇ ಬರತಕ್ಕವು.

ನಸುಕಿನಲ್ಲಿ ಬಂದರಿನ ದಾರಿ ತೋರುವ ಪೈಲಟ್ ಹಡಗನ್ನೇರುವನು. ಹಗ್ಗಗಳನ್ನು ಬಿಗಿದಾಗ ಇನ್ನೂ ಸರಿಯಾಗಿ ಬೆಳಗಾಗಿರುವುದಿಲ್ಲ. ಸುಂಕದ ಅಧಿಕಾರಿಗಳ ಅಪ್ಪಣೆ ದೊರೆತ ಒಡನೆ ಪೆಟ್ಟಿಗೆಗಳು ದಡಕ್ಕೆ ಹೋಗುವುವು. ಪ್ರಯಾಣಿಕರು ತಂಡ ತಂಡವಾಗಿ ಇಳಿಯತೊಡಗುವರು. ಏಳು ದಿನ ತಮ್ಮನ್ನು ಹೆಸರು ಹಿಡಿದು ಕರೆದ ಪರಿಚಾರಿಕೆಯ ಕೈ ಹಿಡಿದು ಕಣ್ಣೀರಿಡುವ ಮುದುಕಿಯರೂ, ಅವಳ ಸೆರಗನ್ನು ಬಿಡದ ಮಕ್ಕಳಂತೆ ಅವಳಿಗೇ ಅಂಟಿಕೊಳ್ಳುವ ಎಳೆಯರೂ ಉಂಟು. ಅವಳಿಗೆ ನಿಂತು ಮಾತನಾಡುವುದಕ್ಕೆ ಸಮಯವಿಲ್ಲ. ನಿಲ್ಲದೆ ಹೋಗುವುದಕ್ಕೆ ಮನಸ್ಸೂ ಇಲ್ಲ.

ಹಡಗನ್ನು ಬಿಡುವ ಪ್ರತಿಯೊಬ್ಬರ ಚೀಟಿಯನ್ನೂ ಇಳಿಯುವ ಸೇತುವೆಯ ಬಳಿ ಯಂತ್ರಕ್ಕೆ ತೋರಿಸಬೇಕು. ಅಮೆರಿಕದ ಬಂದರುಗಳಲ್ಲಿ ಈ ಎಣಿಕೆಯು ಸೊನ್ನೆಗೆ ಬರುವ ತನಕ, ಎಂದರೆ ಹಳೆಯ ಯಾನದ ಪ್ರಯಾಣಿಕರಲ್ಲಿ ಒಬ್ಬರೂ ಲೆಕ್ಕಕ್ಕೆ ಸಿಕ್ಕದೆ ಉಳಿದಿಲ್ಲವೆಂದು ಖಚಿತವಾಗುವ ತನಕ, ಹೊಸಬರನ್ನು ಏರಿಸಿಕೊಳ್ಳುವುದಿಲ್ಲ. ಒಬ್ಬನು ನಿದ್ದೆಹೋಗಿ ಕೋಣೆಯಲ್ಲೇ ಉಳಿದರೆ ಅವನ ಹೆಸರನ್ನು ಇಡೀ ಹಡಗಿಗೆ ಕೇಳುವಂತೆ ಕೂಗುವರು. ದಡದಲ್ಲಿ ಸಾವಿರಾರು ಮಂದಿ ಕಾಯುವರು. ಎಣಿಕೆ ಸೊನ್ನೆಯಾದ ಆ ಸ್ವಲ್ಪ ಹೊತ್ತು ಹಡಗಿನಲ್ಲಿ ಸಂಗೀತವಿಲ್ಲ, ಸಂದಣಿಯಿಲ್ಲ; ಆದರೆ ಸಿಬ್ಬಂದಿಯವರಿಗೆ ವಾರದಲ್ಲೆಲ್ಲಾ ಅತ್ಯಂತ ಅವಸರದ ಹೊತ್ತು ಅದೇ.

ಕೋಣೆಯ ಪರಿಚಾರಿಕೆಗೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಕೋಣೆಗಳು, ಕೆಲವೆಡೆ ಇನ್ನೂ ಹೆಚ್ಚು. ಪ್ರಯಾಣಿಕರು ಹೊರಬಿದ್ದಂತೆಲ್ಲ ಅವಳು ಹಾಸು ಹೊದಿಕೆಗಳನ್ನು ಕಿತ್ತು ಮೂಟೆ ಕಟ್ಟಿ ಬಟ್ಟೆ ಒಗೆಯುವ ಅಂತಸ್ತಿಗೆ ಕಳುಹಿಸುವಳು. ಅಲ್ಲಿ ಯಂತ್ರಗಳು ಹಗಲಿರುಳು ತಿರುಗುತ್ತಿರುವುವು. ಅನಂತರ ಸ್ನಾನದ ಕೋಣೆ, ನೆಲ, ಕನ್ನಡಿ; ಬಾಗಿಲ ಹಿಡಿ, ದೀಪದ ಗುಂಡಿ ಮುಂತಾಗಿ ಹಲವು ಕೈಗಳು ಮುಟ್ಟುವ ಸ್ಥಳಗಳನ್ನೆಲ್ಲ ಔಷಧದ ನೀರಿನಿಂದ ಒರಸಬೇಕು. ಇಷ್ಟು ಜನ ಒಂದೇ ಮನೆಯಲ್ಲಿ ವಾಸಿಸುವಲ್ಲಿ ವಾಂತಿಭೇದಿ ತರುವ ನೋರೋವೈರಸ್ ಎಂಬ ಸೋಂಕು ಒಬ್ಬರಿಂದ ನೂರು ಮಂದಿಗೆ ಹರಡಲು ತಡವಾಗದು. ಹಳೆಯ ತಂಡದ ಬೇನೆಯು ಹೊಸ ತಂಡಕ್ಕೆ ದಾಟುವುದೋ ಇಲ್ಲವೋ ಎಂಬುದು ಈ ಕೆಲವು ಗಂಟೆಗಳ ಶುಚಿತ್ವವನ್ನು ಅವಲಂಬಿಸಿದೆ. ಅಮೆರಿಕದ ಆರೋಗ್ಯ ಇಲಾಖೆಯವರು ಮುನ್ಸೂಚನೆ ಕೊಡದೆ ಹಡಗನ್ನೇರಿ ಅಡಿಗೆಮನೆ, ನೀರು, ಕೋಣೆಗಳನ್ನು ಪರೀಕ್ಷಿಸಿ 100ಕ್ಕೆ ಅಂಕ ಕೊಡುವರು. 85 ಬಂದರೂ ಅನುತ್ತೀರ್ಣವೇ, 86 ಬೇಕು. ನಮ್ಮ ಮಕ್ಕಳ ಪರೀಕ್ಷೆಗಳಲ್ಲಿ ಇದಕ್ಕಿಂತ ಬಹಳ ಕಡಿಮೆ ಬಂದರೂ ಸಾಕೆಂದು ಸಮಾಧಾನಪಡುವ ನಾವು ಇದನ್ನು ಸ್ವಲ್ಪ ಆಲೋಚಿಸಬೇಕು.

ಶುಚಿಯಾದೊಡನೆ ಕೆಲಸ ಮುಗಿಯಲಿಲ್ಲ. ಯಾವ ಕೋಣೆಯಲ್ಲಿ ಎರಡು ಮಂಚಗಳನ್ನು ಜೋಡಿಸಬೇಕು, ಯಾವುದರಲ್ಲಿ ಬೇರ್ಪಡಿಸಬೇಕು, ಎಲ್ಲಿ ಮಗುವಿಗೆ ತೊಟ್ಟಿಲು ಬೇಕು ಎಂಬ ಪಟ್ಟಿಯು ಅವಳ ಕೈಯಲ್ಲಿರುವುದು. ಮರೆತುಹೋದ ಕನ್ನಡಕ, ದಿಂಬಿನಡಿಯ ಉಂಗುರ, ಮಗುವಿನ ಗೊಂಬೆ ಮುಂತಾದವುಗಳಿಗೆ ಕೋಣೆಯ ಅಂಕೆಯನ್ನು ಬರೆದು ಕಚೇರಿಗೆ ಒಪ್ಪಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಬ್ಬರಿಗೂ ಒಂದರಂತೆ ತೇಲುವ ಅಂಗಿಗಳು ತಮ್ಮ ಸ್ಥಳದಲ್ಲಿ ಇವೆಯೋ ಎಂದು ನೋಡಬೇಕು. ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಕೋಣೆಗಳು ಸಿದ್ಧವಾಗಿರಬೇಕು. ಅಷ್ಟರೊಳಗೆ ಹೊಸಬರು ಆಗಲೇ ಮೇಲಿನ ಅಂತಸ್ತುಗಳಲ್ಲಿ ಊಟ ಮಾಡುತ್ತಿರುವರು.

ಇದೇ ಸಮಯದಲ್ಲಿ ದಡದ ಕಡೆಯ ಬಾಗಿಲುಗಳಿಂದ ವಾರದ ಉಗ್ರಾಣವು ಒಳಬರುವುದು. ಹಣ್ಣು, ತರಕಾರಿ, ಮಾಂಸ, ಮೊಟ್ಟೆ, ಹಾಲು, ಹಿಟ್ಟು ಇವೆಲ್ಲ ಮರದ ಹಲಗೆಗಳ ಮೇಲೆ ಬಿಗಿದು ಲಾರಿಗಳಲ್ಲಿ ಬರುವುವು. ಉಗ್ರಾಣದ ಅಧಿಕಾರಿಯು ಶೀತದ ಪದಾರ್ಥಗಳ ಉಷ್ಣತೆಯನ್ನು ಅಳೆದು, ಕೆಟ್ಟುದನ್ನು ಹಿಂದಕ್ಕೆ ಕಳುಹಿಸುವನು. ಹಳೆಯದು ಮುಂದೆ, ಹೊಸದು ಹಿಂದೆ ಎಂಬುದು ಅಲ್ಲಿಯ ನಿಯಮ. ನಮ್ಮ ಅಜ್ಜಿಯಂದಿರು ಅಕ್ಕಿಯ ಕಣಜದಲ್ಲಿ ಪಾಲಿಸುತ್ತಿದ್ದುದೂ ಇದನ್ನೇ. ಒಂದು ಕಡೆ ವಿಂಗಡಿಸಿದ ಕಸವು ದಡಕ್ಕಿಳಿಯುವುದು, ಇನ್ನೊಂದು ಕಡೆ ಇಂಧನದ ನಾವೆಯು ಬಂದು ಪಕ್ಕಕ್ಕೆ ನಿಲ್ಲುವುದು. ಒಂದು ಸಾಮಾನನ್ನು ಏರಿಸಲು ಮರೆತರೆ ನಡುಗಡಲಿನಲ್ಲಿ ಅಂಗಡಿಯಿಲ್ಲ.

ಸಿಬ್ಬಂದಿಯಲ್ಲಿಯೂ ಇಳಿಯುವವರು ಏರುವವರು ಇರುವುದುಂಟು. ಒಪ್ಪಂದದ ಆರು ಅಥವಾ ಒಂಬತ್ತು ತಿಂಗಳು ಮುಗಿದವರು ಪಾಸ್‌ಪೋರ್ಟನ್ನು ಹಿಂದಕ್ಕೆ ಪಡೆದು, ಮನೆಗೆ ಹೋಗುವ ಸಂತೋಷದಲ್ಲಿ ಇಳಿಯುವರು. ಅದೇ ಸೇತುವೆಯಲ್ಲಿ ಮುಂಬಯಿ, ಗೋವಾ, ಮಂಗಳೂರು, ಮನಿಲಾ ಮುಂತಾದ ಊರುಗಳಿಂದ ವಿಮಾನದಲ್ಲಿ ಬಂದ ಹೊಸಬರು ನಿದ್ದೆಗೆಟ್ಟ ಕಣ್ಣುಗಳಿಂದ ಏರುವರು. ಹೊಸದಾಗಿ ಬಂದವಳಿಗೆ ಕೊಡುವ ಸಾಮಾನುಗಳಲ್ಲಿ ಸಮವಸ್ತ್ರವೂ ಹೆಸರಿನ ಬಿಲ್ಲೆಯೂ ಅಲ್ಲದೆ ಒಂದು ಸಣ್ಣ ಚೀಟಿಯೂ ಇರುವುದು. ಅಪಾಯದ ಕರೆಯಾದಾಗ ಅವಳು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂಬುದನ್ನು ಅದರಲ್ಲಿ ಬರೆದಿರುವರು. ಹಾಸಿಗೆಯ ಹೊದಿಕೆಯನ್ನು ಮುಟ್ಟುವುದಕ್ಕೆ ಮುಂಚೆ ಅವಳು ಕಲಿಯತಕ್ಕದ್ದು ಈ ಚೀಟಿಯ ಪಾಠ.

ಏಕೆಂದರೆ ಹಡಗಿನಲ್ಲಿ ಬರಿಯ ಪರಿಚಾರಿಕೆ ಎಂಬವಳಿಲ್ಲ. ಏಳು ಗಿಡ್ಡ ಕೂಗುಗಳೂ ಒಂದು ನೀಳ ಕೂಗೂ ಕೇಳಿದರೆ, ಒಬ್ಬಳು ತನ್ನ ಪಾಲಿನ ಕೋಣೆಗಳನ್ನೆಲ್ಲ ತೆರೆದು ಒಳಗೆ ಯಾರೂ ಉಳಿದಿಲ್ಲವೆಂದು ನೋಡುವಳು. ಇನ್ನೊಬ್ಬಳು ಮೆಟ್ಟಲಿನಲ್ಲಿ ನಿಂತು ದಾರಿ ತೋರಿಸುವಳು. ಮತ್ತೊಬ್ಬಳು ಸೇರುವ ಸ್ಥಳದಲ್ಲಿ ತಲೆ ಎಣಿಸುವಳು. ಬಂದರಿನಲ್ಲಿ ಹಡಗು ನಿಂತಿರುವಾಗಲೂ ಈ ಕೆಲಸಗಳಿಗೆ ಬೇಕಾದಷ್ಟು ಮಂದಿ ಸರದಿಯ ಪ್ರಕಾರ ಉಳಿಯಲೇಬೇಕು.

ಏರುವ ದಿನವೇ ಈ ಪಾಠವು ಪ್ರಯಾಣಿಕರಿಗೂ ಆಗಬೇಕೆಂಬ ಕಟ್ಟಳೆಯು ದುಃಖದಿಂದ ಹುಟ್ಟಿದುದು. 2012ರ ಜನವರಿ 13ರಂದು ‘ಕೋಸ್ತಾ ಕೊಂಕೋರ್ಡಿಯಾ’ ಎಂಬ ಹಡಗು ಇಟಲಿಯ ಚೀವಿಟವೆಕ್ಕಿಯಾ ಬಂದರಿನಿಂದ ಸಂಜೆ ಹೊರಟು, ಅದೇ ರಾತ್ರಿ ಜಿಲ್ಯೊ ದ್ವೀಪದ ಬಳಿ ಬಂಡೆಗೆ ತಗಲಿ ಮಗುಚಿತು. ಹಡಗಿನಲ್ಲಿದ್ದವರು 4,229, ಮಡಿದವರು 32. ಆ ದಿನವೇ ಏರಿದ್ದ ನೂರಾರು ಪ್ರಯಾಣಿಕರಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕೆಂಬ ಅಭ್ಯಾಸವು ಇನ್ನೂ ಆಗಿರಲಿಲ್ಲ. ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಾಡಿಸಿದರೆ ಸಾಕೆಂದು ಆಗಿನ ನಿಯಮವಿತ್ತು. ಮಡಿದವರಲ್ಲಿ ನಮ್ಮ ದೇಶದ ಒಬ್ಬ ಪರಿಚಾರಕನೂ ಇದ್ದನು. ಅವನ ದೇಹವು ದೊರೆತದ್ದು 2014ರ ನವೆಂಬರಿನಲ್ಲಿ, ಎಲ್ಲರಿಗಿಂತ ಕಡೆಯಲ್ಲಿ. ಈ ದುರಂತದ ತರುವಾಯ ಅಂತರರಾಷ್ಟ್ರೀಯ ನಿಯಮವನ್ನು ತಿದ್ದಲಾಯಿತು. 2015ರ ಜನವರಿ 1ರಿಂದ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಒಡನೆಯೇ ಹೊಸ ಪ್ರಯಾಣಿಕರಿಗೆ ಈ ಅಭ್ಯಾಸವಾಗತಕ್ಕದ್ದು. ಬೆಳಗಿನ ನಾಲ್ಕೈದು ಗಂಟೆಯಿಂದ ದುಡಿದ ಪರಿಚಾರಿಕೆಯು ಸಂಜೆ ನಾಲ್ಕು ಗಂಟೆಗೆ ನಗುಮುಖದಿಂದ ಅವರನ್ನು ಎದುರುಗೊಂಡು, ‘ನೀವು ಸೇರಬೇಕಾದ ಸ್ಥಳ ಇದು’ ಎಂದು ತೋರಿಸುವಾಗ, ಅದನ್ನು ಉಪಚಾರದ ಮಾತೆಂದು ತಿಳಿಯಬಾರದು.

ಇಷ್ಟು ದುಡಿಮೆಗೆ ಮೇರೆಯಿಲ್ಲವೇ ಎಂದು ಹೆತ್ತವರು ಕೇಳುವುದು ನ್ಯಾಯ. ಮೇರೆಯುಂಟು. 2006ರಲ್ಲಿ ಜಿನೀವಾದಲ್ಲಿ ಒಪ್ಪಲಾದ, 2013ರ ಆಗಸ್ಟ್ 20ರಿಂದ ಜಾರಿಗೆ ಬಂದ ನಾವಿಕರ ಕೆಲಸದ ಒಡಂಬಡಿಕೆಯೊಂದಿದೆ. 2015ರಲ್ಲಿ ನಮ್ಮ ದೇಶವೂ ಅದನ್ನು ಅಂಗೀಕರಿಸಿತು. ಅದರ ಮೇರೆಗೆ ಕೆಲಸವು 24 ಗಂಟೆಗಳಲ್ಲಿ 14ನ್ನೂ ಏಳು ದಿನಗಳಲ್ಲಿ 72ನ್ನೂ ಮೀರಬಾರದು. ಅಥವಾ ವಿಶ್ರಾಂತಿಯು 24 ಗಂಟೆಗಳಲ್ಲಿ 10ಕ್ಕೂ ಏಳು ದಿನಗಳಲ್ಲಿ 77ಕ್ಕೂ ಕಡಿಮೆಯಾಗಬಾರದು. ಈ ಎರಡು ಅಳತೆಗಳಲ್ಲಿ ಒಂದನ್ನು ಹಡಗಿನ ಧ್ವಜದ ರಾಜ್ಯವು ಗೊತ್ತುಮಾಡುವುದು. ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ಭಾಗ ಮಾಡಕೂಡದು. ಅವುಗಳಲ್ಲೊಂದು ಆರು ಗಂಟೆಗಳಿಗೆ ಕಡಿಮೆಯಿರಕೂಡದು. ವಾರದ ರಜೆಯಿಲ್ಲದೆ ತಿಂಗಳುಗಟ್ಟಲೆ ದುಡಿಯುವವರಿಗೆ ಇದು ಕನಿಷ್ಠ ರಕ್ಷಣೆ. ಇಳಿದೇರುವ ದಿನದಲ್ಲಿಯೇ ಈ ಕಟ್ಟಳೆಯನ್ನು ಮೀರುವ ಆಸೆ ಹೆಚ್ಚಾಗಿರುವುದು. ಆದುದರಿಂದ ಗಂಟೆಗಳ ಲೆಕ್ಕದ ಪ್ರತಿಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕು. ದುಡಿದುದನ್ನು ದುಡಿಯಲಿಲ್ಲವೆಂದು ಬರೆದ ಕಾಗದಕ್ಕೆ ಸಹಿ ಹಾಕಬಾರದು.

ಸ್ತ್ರೀಯರಿಗೆ ಈ ಕೆಲಸ ಹೊಸತಲ್ಲ. 1887ರಲ್ಲಿ ಆರ್ಜೆಂಟೀನದಲ್ಲಿ ಹುಟ್ಟಿದ ವಯೊಲೆಟ್ ಜೆಸ್ಸಪ್ ಎಂಬವರು ಹಡಗಿನ ಪರಿಚಾರಿಕೆಯಾಗಿದ್ದರು. ಅವರ ತಾಯಿಯದೂ ಅದೇ ವೃತ್ತಿ. 1911ರಲ್ಲಿ ‘ಒಲಿಂಪಿಕ್’ ಹಡಗು ಯುದ್ಧನೌಕೆಗೆ ಡಿಕ್ಕಿ ಹೊಡೆದಾಗ ಅವರು ಅದರಲ್ಲಿದ್ದರು; 1912ರಲ್ಲಿ ‘ಟೈಟಾನಿಕ್’ ಮುಳುಗಿದಾಗಲೂ, 1916ರಲ್ಲಿ ‘ಬ್ರಿಟಾನಿಕ್’ ಮುಳುಗಿದಾಗಲೂ ಬದುಕಿ ಬಂದು, ಮತ್ತೆ ಸಮುದ್ರದ ಕೆಲಸಕ್ಕೇ ಮರಳಿದರು. 2007ರಲ್ಲಿ ಸ್ವೀಡನ್ನಿನ ಕಾರಿನ್ ಸ್ಟಾರೆ-ಯಾನ್ಸನ್ ಎಂಬವರು ದೊಡ್ಡ ವಿಹಾರದ ಹಡಗೊಂದರ ಕಪ್ತಾನರಾದರು. ಆದರೂ 2021ರ ಲೆಕ್ಕದ ಪ್ರಕಾರ ಜಗತ್ತಿನ ನಾವಿಕರಲ್ಲಿ ಸ್ತ್ರೀಯರು ನೂರಕ್ಕೆ 1.28 ಮಾತ್ರ. ಇಷ್ಟು ಕಡಿಮೆ ಮಂದಿ ಇರುವ ಸ್ಥಳದಲ್ಲಿ ಹುಡುಗಿಯೊಬ್ಬಳು ತನ್ನ ಮರ್ಯಾದೆಯನ್ನು ಕಾಯ್ದುಕೊಳ್ಳುವ ದಾರಿಯನ್ನೂ ತಿಳಿದಿರಬೇಕು. ಹಡಗಿನಲ್ಲಿಯೇ ದೂರು ಕೊಡುವ ಕ್ರಮವು ಒಡಂಬಡಿಕೆಯಲ್ಲಿದೆ. ದೂರು ಕೊಟ್ಟವರನ್ನು ಪೀಡಿಸಬಾರದೆಂದೂ ಇದೆ.

ಪ್ರಯಾಣಿಕರು ಇಳಿಯಲಾರದ ದಿನಗಳೂ ಬಂದುದುಂಟು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ಹಡಗನ್ನು ಕೋವಿಡ್ ಬೇನೆಯ ನಿಮಿತ್ತ ತಡೆದು ನಿಲ್ಲಿಸಿದರು. ಹಡಗಿನಲ್ಲಿದ್ದ 3,711 ಮಂದಿಯಲ್ಲಿ 712 ಮಂದಿಗೆ ಸೋಂಕು ತಗಲಿತು. ಪ್ರಯಾಣಿಕರು ಬಾಗಿಲು ಮುಚ್ಚಿಕೊಂಡು ಕೋಣೆಗಳಲ್ಲಿದ್ದರು. ಬಾಗಿಲ ಬಳಿಗೆ ಊಟವನ್ನು ಒಯ್ದು ಕೊಟ್ಟವರು ಸಿಬ್ಬಂದಿ. ಅವರಲ್ಲಿ 132 ಮಂದಿ ಭಾರತೀಯರು.

ಕೊನೆಯದಾಗಿ ಹೆತ್ತವರಿಗೆ ಕೆಲವು ಮಾತುಗಳು. ಕೆಲಸ ಕೊಡಿಸುವ ಮಧ್ಯವರ್ತಿಗೆ ನೌಕಾಯಾನದ ಮಹಾನಿರ್ದೇಶಕರ ಕಚೇರಿಯ ಪರವಾನಗಿ ಇದೆಯೋ ಎಂದು ಮೊದಲು ವಿಚಾರಿಸಿರಿ. ಕೆಲಸ ಕೊಡಿಸಿದುದಕ್ಕಾಗಿ ನಾವಿಕರಿಂದ ಹಣ ತೆಗೆದುಕೊಳ್ಳಕೂಡದೆಂಬುದು ಒಡಂಬಡಿಕೆಯ ನಿಯಮ. ಪಾಸ್‌ಪೋರ್ಟು, ನಾವಿಕರ ಪುಸ್ತಕ, ವೈದ್ಯರ ಪತ್ರ ಇವುಗಳ ವೆಚ್ಚ ಮಾತ್ರ ಅವರಿಗೆ ಸೇರಬಹುದು. ಲಕ್ಷಗಟ್ಟಲೆ ಕೇಳುವವನ ಮನೆಯ ಮೆಟ್ಟಲನ್ನೇ ಹತ್ತಬೇಡಿರಿ. ಅದಕ್ಕಾಗಿ ಒಡವೆ ಅಡವಿಡಬೇಡಿರಿ. ಒಪ್ಪಂದವನ್ನು ಸಹಿಗೆ ಮುಂಚೆ ಓದಿ, ತಿಳಿದವರಿಗೆ ತೋರಿಸುವ ಅವಕಾಶವನ್ನು ಕೇಳಿ ಪಡೆಯಿರಿ. ಸಂಬಳವೆಷ್ಟು, ಎಷ್ಟು ತಿಂಗಳು, ಹಿಂದಿರುಗುವ ದಾರಿಯ ವೆಚ್ಚ ಯಾರದು ಎಂಬುವು ಅದರಲ್ಲಿ ಸ್ಪಷ್ಟವಾಗಿರಬೇಕು. ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ ಇವುಗಳ ಶಿಕ್ಷಣವನ್ನು ಮಗಳು ಕಾಗದಕ್ಕಾಗಿ ಮಾತ್ರವಲ್ಲ, ಮನಸ್ಸಿಟ್ಟು ಕಲಿಯಲಿ. ಅವಳು ಹೊರಟ ಮೇಲೆ, ಇಳಿದೇರುವ ದಿನ ಯಾವುದೆಂದು ಕೇಳಿ ತಿಳಿದುಕೊಳ್ಳಿರಿ. ಆ ದಿನ ಫೋನು ಬರಲಿಲ್ಲವೆಂದು ಕೋಪಿಸಬೇಡಿರಿ.

ಆ ತಾಯಿಯವರ ಪ್ರಶ್ನೆಗೆ ನಾವು ಈಗ ಕೊಡುವ ಉತ್ತರವಿಷ್ಟೇ: ಅಮ್ಮಾ, ತಮ್ಮ ಮಗಳು ಹಾಸಿಗೆ ಹಾಸುವುದು ನಿಜ. ಆದರೆ ಪಟ್ಟಿಯನ್ನು ತಪ್ಪಿಲ್ಲದೆ ಓದುವುದಕ್ಕೂ, ಪರಭಾಷೆಯವರನ್ನು ಗಾಬರಿಯಲ್ಲಿ ಸಮಾಧಾನಪಡಿಸುವುದಕ್ಕೂ, ಸಿಕ್ಕಿದ ಉಂಗುರವನ್ನು ಕಚೇರಿಗೆ ಒಪ್ಪಿಸುವುದಕ್ಕೂ, ತನ್ನ ಗಂಟೆಗಳ ಲೆಕ್ಕವನ್ನು ತಾನೇ ನೋಡಿಕೊಳ್ಳುವುದಕ್ಕೂ ಓದು ಬೇಕು. ಅವಳು ಹೋಗಲೇಬೇಕೆಂದು ನಾವು ಹೇಳಲಾರೆವು. ಮನೆಯಿಂದ ಅಷ್ಟು ದೂರದಲ್ಲಿ ಅಷ್ಟು ತಿಂಗಳು ಇರುವುದು ಸುಲಭವಲ್ಲ. ಹೋಗುವುದಾದರೆ ತಿಳಿದು ಹೋಗಲಿ. ಮರಳಿ ಬಂದಾಗ, ಅವಳು ಮಾಡಿದ ಕೆಲಸವನ್ನು ಹೇಳಿಕೊಳ್ಳುವುದಕ್ಕೆ ನಾಚಬೇಕಾಗದಂತೆ ನಾವು ಅವಳನ್ನು ಎದುರುಗೊಳ್ಳೋಣ.